ಹಾಸ್ಯ ಬಿಡಬೇಕು ಅಂದುಕೊಂಡವಳಿಗೆ

ಪ್ರೀತಿಯ ತಂಗಿ,

ಇನ್ನು ಮೇಲೆ ಹಾಸ್ಯ ಬರೆಯುವುದಿಲ್ಲ, ಬಡವರ ಕಷ್ಟದ ಬಗ್ಗೆ ಗಂಭೀರ ಕಾದಂಬರಿ ಬರೆಯುತ್ತೇನೆ ಅಂದಿದ್ದೀಯ. ಬರೆ, ಬೇಡ ಅನ್ನೋಕೆ ನಾನ್ಯಾರು? ಆದರೆ ಅದಕ್ಕೆ ಕೂರುವ ಮೊದಲು ಒಂದು ಹಳೇ ಸಿನಿಮಾ ನೋಡು. ಅಮೆರಿಕದ ನಿರ್ದೇಶಕ ಪ್ರೆಸ್ಟನ್ ಸ್ಟರ್ಜಸ್ 1941ರಲ್ಲಿ ಮಾಡಿದ 'ಸಲಿವನ್ಸ್ ಟ್ರಾವೆಲ್ಸ್'. ಕಪ್ಪು ಬಿಳುಪು, ಒಂದೂವರೆ ಗಂಟೆ ಅಷ್ಟೇ.

ಅದರ ನಾಯಕ ಸಲಿವನ್ ಹಾಲಿವುಡ್ಡಿನ ನಿರ್ದೇಶಕ. ನಗಿಸುವ ಸಿನಿಮಾ ಮಾಡಿ ದುಡ್ಡು ಕಂಡವನು. ಅವನಿಗೂ ನಿನ್ನ ಹಾಗೆ ಗಂಭೀರ ಆಗುವ ಆಸೆ. ನಿನಗೆ ಕಷ್ಟ ಅಂದ್ರೆ ಏನು ಗೊತ್ತು ಅಂತ ಸ್ಟುಡಿಯೋದವರು ಕೇಳಿದ್ದೇ ತಡ, ಅದೇ ಸ್ಟುಡಿಯೋದಿಂದ ಹರಕು ಬಟ್ಟೆ ತರಿಸಿ ಹಾಕಿಕೊಂಡು, ಜೇಬಿನಲ್ಲಿ ಹತ್ತು ಸೆಂಟ್ ಇಟ್ಟುಕೊಂಡು ಹೊರಟೇಬಿಡುತ್ತಾನೆ. ಹಿಂದೆಯೇ ಸ್ಟುಡಿಯೋದವರು ಕಳಿಸಿದ ಒಂದು ದೊಡ್ಡ ಬಸ್ಸು. ಅದರಲ್ಲಿ ಡಾಕ್ಟರು, ಫೋಟೋಗ್ರಾಫರು, ಅಡುಗೆಯವನು! ಬಡತನ ಏನು ಅಂತ ಬಡವರಿಗೆ ಚೆನ್ನಾಗಿ ಗೊತ್ತು, ಅದರಲ್ಲಿ ಸೊಗಸು ಕಾಣುವುದು ತಲೆಕೆಟ್ಟ ಶ್ರೀಮಂತರಿಗೆ ಮಾತ್ರ ಅಂತ ಅವನ ಮನೆಯ ಬಟ್ಲರ್ ಮೊದಲೇ ಹೇಳಿರುತ್ತಾನೆ, ಅದೂ ತುಂಬಾ ವಿನಯದಿಂದ. ಆ ಮಾತು ನಿನಗೂ ಸ್ವಲ್ಪ ಚುಚ್ಚಲಿ.

ಆಮೇಲೆ ಏನೇನೋ ಆಗಿ ಸಲಿವನ್ ನಿಜವಾಗಿಯೂ ಜೈಲು ಸೇರುತ್ತಾನೆ. ಆರು ವರ್ಷ ದುಡಿಮೆಯ ಶಿಕ್ಷೆ. ಈ ತಿರುವು ಸ್ವಲ್ಪ ಜಾಸ್ತಿಯೇ ಆಯ್ತು ಅನ್ನಿಸುತ್ತದೆ, ಇರಲಿ. ನೀನು ಗಮನವಿಟ್ಟು ನೋಡಬೇಕಾದ್ದು ಚರ್ಚಿನ ದೃಶ್ಯ. ಕಪ್ಪು ಜನರ ಒಂದು ಬಡ ಚರ್ಚು. ಕೈದಿಗಳನ್ನು ಸಿನಿಮಾ ನೋಡಲು ಅಲ್ಲಿಗೆ ಕರೆದಿದ್ದಾರೆ. ನಮಗಿಂತ ಕಷ್ಟದಲ್ಲಿರುವವರು ಬರುತ್ತಿದ್ದಾರೆ, ಅವರಿಗೆ ಬೇಜಾರಾಗುವ ಹಾಗೆ ನಡೆದುಕೊಳ್ಳಬೇಡಿ ಅಂತ ಪಾದ್ರಿ ತನ್ನ ಜನಕ್ಕೆ ಹೇಳುತ್ತಾನೆ. ಕಾಲಿನ ಸರಪಳಿ ಎಳೆದುಕೊಂಡು ಕೈದಿಗಳು ಬಂದು ಕೂರುತ್ತಾರೆ. ಪರದೆಯ ಮೇಲೆ ಡಿಸ್ನಿಯ ನಾಯಿ ಪ್ಲುಟೋ, ನೊಣ ಹಿಡಿಯುವ ಅಂಟುಕಾಗದಕ್ಕೆ ಸಿಕ್ಕಿಕೊಂಡಿದೆ. ಒಂದು ಕಡೆ ಬಿಡಿಸಿಕೊಂಡರೆ ಇನ್ನೊಂದು ಕಡೆ ಅಂಟುತ್ತದೆ. ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ನಾನು ನಗ್ತಾ ಇದ್ದೀನಾ ಅಂತ ಸಲಿವನ್ ಪಕ್ಕದವನನ್ನು ಕೇಳುತ್ತಾನೆ. ಸ್ಟರ್ಜಸ್‌ಗೆ ಅಲ್ಲಿ ಚಾಪ್ಲಿನ್ ಸಿನಿಮಾದ ತುಣುಕು ಬೇಕಿತ್ತಂತೆ, ಅನುಮತಿ ಸಿಗಲಿಲ್ಲ. ಒಳ್ಳೆಯದೇ ಆಯಿತು. ಮಹಾನ್ ಕಲಾವಿದನಿಗೆ ನಕ್ಕರೆ ಅದೇನು ದೊಡ್ಡ ವಿಷಯ, ಒಂದು ಅಂಟುಕಾಗದಕ್ಕೆ ನಕ್ಕಿದ್ದಾರೆ ನೋಡು.

ಆ ನಗುವಿನಿಂದ ಯಾರ ಸರಪಳಿಯೂ ಕಳಚುವುದಿಲ್ಲ. ಮಾರನೇ ದಿನದ ದುಡಿಮೆಯೂ ತಪ್ಪುವುದಿಲ್ಲ. ಆ ಸುಳ್ಳನ್ನು ಸಿನಿಮಾ ಹೇಳುವುದಿಲ್ಲ, ಅದಕ್ಕೇ ನನಗೆ ಇಷ್ಟ. ಇನ್ನೊಂದು ಸಂಗತಿ. ಕೊನೆಗೆ ಸಲಿವನ್ ತನ್ನ ಗಂಭೀರ ಸಿನಿಮಾ ಕೈಬಿಡುತ್ತಾನೆ, ಸರಿ. ಆದರೆ ನಡುವೆ ಎಷ್ಟೋ ನಿಮಿಷ ಒಂದೇ ಒಂದು ಮಾತಿಲ್ಲದೆ ಜೋಪಡಿಗಳು, ಅನ್ನಕ್ಕೆ ಕಾಯುವವರು, ನೆಲದ ಮೇಲೆ ಒತ್ತೊತ್ತಾಗಿ ಮಲಗಿದವರು ಬಂದು ಹೋಗುತ್ತಾರಲ್ಲ, ಸಲಿವನ್ ಬಿಟ್ಟ ಸಿನಿಮಾವನ್ನು ಸ್ಟರ್ಜಸ್ ಅಲ್ಲೇ ಸದ್ದಿಲ್ಲದೆ ಮಾಡಿ ಮುಗಿಸಿದ್ದಾನೆ. ಹಾಸ್ಯವೋ ಕಷ್ಟವೋ ಅಂತ ಒಂದನ್ನೇ ಆರಿಸಿಕೊಳ್ಳಬೇಕು ಅಂತ ನಿನಗೆ ಹೇಳಿದವರು ಯಾರು?

ಎಲ್ಲಾ ನಗುವೂ ಒಂದೇ ಅಲ್ಲ, ಅದೂ ಇದರಲ್ಲೇ ಕಾಣುತ್ತದೆ. ಬಸ್ಸು ಎದ್ವಾತದ್ವಾ ಓಡುವಾಗ ಕಪ್ಪು ಅಡುಗೆಯವನ ಮುಖಕ್ಕೆ ಬಿಳಿ ಹಿಟ್ಟು ಮೆತ್ತಿಕೊಳ್ಳುತ್ತದೆ. ಇವತ್ತು ನೋಡಿದರೆ ಕಸಿವಿಸಿ. ಚರ್ಚಿನ ದೃಶ್ಯದಲ್ಲಿ ಅದೇ ಜನಕ್ಕೆ ಕೊಟ್ಟ ಗೌರವಕ್ಕಾಗಿ ಕಪ್ಪು ಜನರ ಹಕ್ಕುಗಳಿಗೆ ಹೋರಾಡುವ ಅಮೆರಿಕದ ಸಂಸ್ಥೆ ಎನ್‌ಎಎಸಿಪಿಯ ವಾಲ್ಟರ್ ವೈಟ್ ಸ್ಟರ್ಜಸ್‌ಗೆ ಮೆಚ್ಚುಗೆಯ ಪತ್ರ ಬರೆದಿದ್ದರು. ಒಂದೇ ಕೈ, ಒಂದೇ ಸಿನಿಮಾ. ಯಾರ ಜೊತೆ ಕೂತು ನಗುತ್ತಿದ್ದೇವೆ, ಯಾರನ್ನು ನೋಡಿ ನಗುತ್ತಿದ್ದೇವೆ ಅನ್ನುವುದರಲ್ಲೇ ಎಲ್ಲಾ ಇದೆ ಅಲ್ವಾ?

ಈಗ ನಿನ್ನ ರೇಷನ್ ಅಂಗಡಿ ಕಥೆಗೆ ಬರೋಣ. ಸರ್ವರ್ ಡೌನ್ ಅಂತ ಕಾಯುವ ಸಾಲಿನಲ್ಲಿ ಆ ಮುದುಕಿ ಹೆಬ್ಬೆರಳನ್ನು ಸೆರಗಿಗೆ ಒರೆಸಿ ಒರೆಸಿ ಮತ್ತೆ ಒತ್ತುತ್ತಾಳಲ್ಲ, ಅಲ್ಲಿ ನಾನು ಜೋರಾಗಿ ನಕ್ಕೆ, ಆಮೇಲೆ ಹೊಟ್ಟೆಯಲ್ಲಿ ಸಂಕಟವಾಯಿತು. ಅದನ್ನು ಸುಮ್ನೆ ಲಘು ಬರಹ ಅಂತ ಪಕ್ಕಕ್ಕಿಡಬೇಡ. ಅಂಗಡಿಯವನ ತೊದಲು ಮಾತಿನ ತಮಾಷೆ ಮಾತ್ರ ತೆಗೆದುಹಾಕು. ಮೂರನೇ ಪುಟದ ಭಾಷಣವನ್ನೂ ಕತ್ತರಿಸು. ಆಮೇಲೆ ಇನ್ನೊಮ್ಮೆ ಕಳಿಸು, ನೋಡುತ್ತೇನೆ.