ಹೆಸರು ಮುಚ್ಚಿ ಅಂಕಿ ಓದಿದವರಿಗೆ

ಕಳೆದ ಭಾನುವಾರ ಮಂಗಳೂರಿನಲ್ಲಿ ನಮ್ಮ ವಾರ್ಷಿಕ ಸಭೆ ಆಯಿತು. ವಕೀಲರ ಕಚೇರಿಗಳಲ್ಲಿ ಲೆಕ್ಕ ಬರೆಯುವವರ ಸಭೆ. ಹಾಲ್ ಬುಕ್ ಮಾಡಲು ಹೋದಾಗ ಅಲ್ಲಿನವರು "ಇಂಥದ್ದೂ ಒಂದು ಉಂಟಾ?" ಅಂತ ಕೇಳಿದ್ದರು. ಉಂಟು ಮಾರಾಯ್ರೆ. ಕಪ್ಪು ಕೋಟು ಹಾಕಿದವರು ಮಾತ್ರ ಎಲ್ಲರ ಕಣ್ಣಿಗೆ ಬೀಳುವುದು. ಸ್ಟ್ಯಾಂಪಿಗೆ, ಸಮನ್ಸಿಗೆ, ನಕಲಿಗೆ ಕೊಟ್ಟ ದುಡ್ಡು ಎಲ್ಲಿ ಹೋಯಿತು ಅಂತ ರಾತ್ರಿ ಎಂಟು ಗಂಟೆಗೆ ಹುಡುಕುವವರು ನಾವು.

ಕೊನೆಯಲ್ಲಿ ವಂದನಾರ್ಪಣೆ ನನ್ನ ಪಾಲಿಗೆ ಬಂದಿತ್ತು. ನಾಲ್ಕು ಮಾತು ಆಡುವಷ್ಟರಲ್ಲಿ ಗಂಟಲು ಕಟ್ಟಿತು. ಹಿಂದಿನ ಸಾಲಿನವರಿಗೆ ಬಸ್ಸಿಗೆ ಹೊತ್ತಾಗಿತ್ತು. ಹಾಗಾಗಿ ಬಾಕಿ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೋದ ವರ್ಷ ಆಗಸ್ಟಿನಲ್ಲಿ ನಮ್ಮ ಸೀನಿಯರ್ ವಕೀಲರು ತೀರಿಕೊಂಡರು. ಅವರ ಕಚೇರಿಯಲ್ಲಿ ನನಗೆ 19 ವರ್ಷ. ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿಯುವ ಮೊದಲೇ ಫೋನು ಶುರುವಾಯಿತು. ಕೇಸು ಕೊಟ್ಟ ಪಾರ್ಟಿಗಳದ್ದು ತಪ್ಪಲ್ಲ. ವಕೀಲರು ಹೋದರೆ ಕೇಸು ನಡೆಸಲು ಅವರಿಗೆ ಬರೆದುಕೊಟ್ಟ ವಕಾಲತ್ತೂ ಅಲ್ಲಿಗೇ ಮುಗಿಯುತ್ತದೆ, ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೇ ಹಾಗೆ ಉಂಟು. ಅವರು ಬೇರೆಯವರಿಗೆ ಹೊಸ ವಕಾಲತ್ತು ಕೊಡಬೇಕು, ಫೈಲು ಒಯ್ಯಬೇಕು. ಫೈಲನ್ನು ಜೂನಿಯರುಗಳು ಹುಡುಕಿ ಕೊಟ್ಟರು. ಆದರೆ ಪ್ರತಿಯೊಬ್ಬರೂ ನನ್ನ ಮೇಜಿನ ಮುಂದೆ ನಿಂತು ಕೇಳಿದ ಪ್ರಶ್ನೆ ಒಂದೇ. "ನಾವು ಖರ್ಚಿಗೆ ಅಂತ ಕೊಟ್ಟದ್ದು ಎಷ್ಟು ಉಳಿದಿದೆ?"

143 ಖಾತೆಗಳಲ್ಲಿ ಬಾಕಿ ಇತ್ತು. ಹಳೆಯವು ಕೆಂಪು ಬಟ್ಟೆಯ ರಟ್ಟಿನ ಲೆಡ್ಜರಿನಲ್ಲಿ, ಆಮೇಲಿನವು ಕಂಪ್ಯೂಟರಿನಲ್ಲಿ, ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರಿನಲ್ಲಿ.

ನಮ್ಮ ಸೀನಿಯರ್ ಒಂದು ವಿಷಯದಲ್ಲಿ ಭಾರಿ ಕಟ್ಟುನಿಟ್ಟು. ಪಾರ್ಟಿ ದುಡ್ಡು ಕೊಟ್ಟ ಕೂಡಲೇ ಅದು ಫೀಸಿಗೋ ಖರ್ಚಿಗೋ ಅಂತ ಅವರ ಎದುರೇ ಕೇಳಿ ಬರೆಯಬೇಕು. ಫೀಸಿಗೆ ನೀಲಿ ಶಾಯಿ, ಖರ್ಚಿಗೆ ಕೆಂಪು. ಇದು ಅವರ ಚಾಳಿ ಅಂತ ಬಹಳ ವರ್ಷ ಅಂದುಕೊಂಡಿದ್ದೆ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮವೇ ಅದು ಅಂತ ಗೊತ್ತಾದದ್ದು ನಮ್ಮ ಇದೇ ಸಭೆಗೆ ಮೊದಲ ಸಲ ಬಂದಾಗ. 25ನೇ ನಿಯಮ ಪಾರ್ಟಿಯ ಹಣಕ್ಕೆ ಲೆಕ್ಕ ಇಡಬೇಕು ಅನ್ನುತ್ತದೆ. 26ನೆಯದು ಬಂದ ಹಣ ಫೀಸಿಗೋ ಖರ್ಚಿಗೋ ಬರೆಯಬೇಕು, ಕೇಸು ನಡೆಯುತ್ತಿರುವಾಗ ಪಾರ್ಟಿ ಲಿಖಿತವಾಗಿ ಒಪ್ಪದೆ ಖರ್ಚಿನ ಹಣವನ್ನು ಫೀಸಿಗೆ ತಿರುಗಿಸಬಾರದು ಅನ್ನುತ್ತದೆ. ನಿಜ ಹೇಳಬೇಕೆಂದರೆ ಆ ಸಲ ನಾನು ಹೋದದ್ದು ಊಟ ಒಳ್ಳೆಯದಿರುತ್ತದೆ ಅಂತ ಯಾರೋ ಹೇಳಿದ್ದಕ್ಕೆ.

ಆ 26ನೇ ನಿಯಮ ಹೋದ ವರ್ಷ ಕೆಲಸಕ್ಕೆ ಬಂತು. ಫೀಸು ಬಾಕಿ ಇಟ್ಟವರು ಬಹಳ ಜನ ಇದ್ದರು. "ಅವರ ಖರ್ಚಿನ ದುಡ್ಡು ಹಿಡಿದಿಟ್ಟುಕೊಳ್ಳಿ, ಫೀಸಿಗೆ ವಜಾ ಮಾಡಿ" ಅಂತ ಸೀನಿಯರ್ ಅವರ ಹೆಂಡತಿಗೆ ಒಂದಿಬ್ಬರು ಬುದ್ಧಿ ಹೇಳಿದರು. ನಾನು ಲೆಡ್ಜರ್ ತೆಗೆದು ಕೆಂಪು ಶಾಯಿ ತೋರಿಸಿದೆ. ಅಮ್ಮ ಸ್ವಲ್ಪ ಹೊತ್ತು ನೋಡಿದರು. "ಅದು ಅವರದ್ದಲ್ವಾ? ಕೊಟ್ಟುಬಿಡು." ಅಷ್ಟೇ. ಖರ್ಚಿನ ಹಣದ ಬ್ಯಾಂಕ್ ಖಾತೆ ಅಮ್ಮನ ಜೊತೆ ಜಂಟಿಯಾಗಿತ್ತು, ಅದೊಂದು ಪುಣ್ಯ. ಒಂದೊಂದು ಚೆಕ್ಕಿಗೂ ಅವರೇ ಕೂತು ಸಹಿ ಹಾಕಿದರು. ಅಮ್ಮ, ನಿಮಗೆ ಮೊದಲ ನಮಸ್ಕಾರ.

ಕೊಡೋಣ ಅಂದರೆ ಲೆಕ್ಕ ತಾಳೆ ಆಗಬೇಕಲ್ಲ. ಎಲ್ಲಾ ಖಾತೆಗಳ ಬಾಕಿ ಕೂಡಿಸಿದರೆ ಬರುವ ಮೊತ್ತಕ್ಕೂ ಬ್ಯಾಂಕಿನಲ್ಲಿದ್ದದ್ದಕ್ಕೂ 1,800 ರೂಪಾಯಿ ವ್ಯತ್ಯಾಸ. ಮೂರು ದಿನ ಕೂಡಿಸಿದೆ, ಮೂರು ದಿನವೂ ಅದೇ 1,800. ನನ್ನ ಜೇಬಿನಿಂದ ಹಾಕಿ ಮುಗಿಸೋಣ ಅಂತಲೂ ಅನ್ನಿಸಿತು. ಆದರೆ ಯಾರ ಖಾತೆಗೆ ಹಾಕುವುದು? ರಾತ್ರಿ ಕುಂದಾಪುರದ ಅಕ್ಕನಿಗೆ ಫೋನ್ ಮಾಡಿದೆ. ಸಭೆಯಲ್ಲಿ ಪರಿಚಯ ಆದವರು, ವರ್ಷಕ್ಕೊಮ್ಮೆ ಮಾತಾಡುವಷ್ಟು ಸಲಿಗೆ.

"ಎಷ್ಟು ವ್ಯತ್ಯಾಸ ಮಾರಾಯ್ತಿ?"

"ಸಾವಿರದ ಎಂಟುನೂರು."

"ಒಂಬತ್ತರಿಂದ ಭಾಗಿಸಿ ನೋಡು. ಶೇಷ ಉಳಿಯುತ್ತಾ?"

"ಇಲ್ಲ ಅಕ್ಕ."

"ಹಾಗಾದ್ರೆ ಎಲ್ಲೋ ಅಂಕಿ ಅದಲು ಬದಲಾಗಿರಬೇಕು. ಅಳ್ಬೇಡ. ಶನಿವಾರ ಬರ್ತೇನೆ."

ಅಕ್ಕಪಕ್ಕದ ಎರಡು ಅಂಕಿ ಸ್ಥಾನ ಬದಲಿಸಿದರೆ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರ ಮಗ್ಗಿಯಲ್ಲೇ ಇರುತ್ತದೆ. ಶಾಲೆಯಲ್ಲಿ ಯಾರೂ ಇದನ್ನು ಹೇಳಿಕೊಡಲಿಲ್ಲ. ಹಾಗಂತ ಒಂಬತ್ತರಿಂದ ಭಾಗ ಹೋದ ಮಾತ್ರಕ್ಕೆ ಅದೇ ತಪ್ಪು ಅಂತ ಅಲ್ಲ, ಆದರೆ ಹುಡುಕುವುದಕ್ಕೆ ಒಂದು ದಾರಿ ಸಿಕ್ಕಿತು.

ಶನಿವಾರ ಬಂದದ್ದು ನಾಲ್ಕು ಜನ. ಅಕ್ಕ, ಉಡುಪಿಯಿಂದ ನಿವೃತ್ತರಾದ ಭಟ್ರು, ಪುತ್ತೂರಿನ ಟ್ಯಾಲಿ ಹುಡುಗ, ಮತ್ತೆ ನಾಲ್ಕನೆಯವರನ್ನು ನೋಡಿ ನನಗೆ ಎದೆ ಧಸಕ್ ಅಂದಿತು. ನಮ್ಮ ಎಷ್ಟೋ ಕೇಸುಗಳಲ್ಲಿ ಎದುರು ಪಾರ್ಟಿಯ ವಕೀಲರ ಕಚೇರಿಯವರು ಅವರು. ಪಾರ್ಟಿಯ ಗುಟ್ಟು ಕಾಯುವ ಕಟ್ಟು ವಕೀಲರಿಗೆ ಮಾತ್ರ ಇರುವುದಲ್ಲ. 1872ರ ಸಾಕ್ಷ್ಯ ಕಾಯ್ದೆ ಅವರ ಗುಮಾಸ್ತರನ್ನೂ ಸೇರಿಸಿಯೇ ಹೇಳಿತ್ತು, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಅದು ಉಂಟು. ಲೆಡ್ಜರ್ ಇವರ ಕೈಗೆ ಹೇಗೆ ಕೊಡುವುದು?

ನಾನು ಬಾಯಿ ಬಿಡುವ ಮೊದಲೇ ಅವರೇ ಗೋಡೆಯ ಹಳೆ ಕ್ಯಾಲೆಂಡರ್ ಕೆಳಗಿಳಿಸಿದರು. ಜೂನ್ ತಿಂಗಳ ಹಾಳೆಯನ್ನು ಉದ್ದಕ್ಕೆ ಹರಿದು ಪಟ್ಟಿ ಮಾಡಿದರು. "ಹೆಸರಿನ ಮೇಲೆ ನೀವೇ ಇದನ್ನು ಇಟ್ಟು ಹಿಡ್ಕೊಳ್ಳಿ. ನಮಗೆ ಅಂಕಿ ಕಂಡರೆ ಸಾಕು." ಹಾಗೆಯೇ ಮಾಡಿದೆವು. ನಾನು ಪುಟ ತಿರುಗಿಸಿ ಪಟ್ಟಿ ಇಡುವುದು, ಅವರು ಅಂಕಿ ಓದುವುದು, ಹುಡುಗ ಸ್ಕ್ರೀನಿನಲ್ಲಿ ಟಿಕ್ ಹಾಕುವುದು, ಭಟ್ರು ವೋಚರ್ ನೋಡುವುದು. ಹೊರಗೆ ತುಳುವರ ಆಟಿ ತಿಂಗಳ ಮಳೆ ಮುಗಿದು ಸೋಣ ತಿಂಗಳ ಮಳೆ. ನಾಲ್ಕು ಗಂಟೆ ಸುಮಾರಿಗೆ ಭಟ್ರು ಒಂದು ವೋಚರಿನ ಮೇಲೆ ಬೆರಳಿಟ್ಟರು. ಅದರಲ್ಲಿ 36,400. ಖಾತೆಯಲ್ಲಿ 34,600. ಬರೆದದ್ದು ನಾನೇ, ನನ್ನದೇ ಅಕ್ಷರ. ಯಾರೂ ನಗಲಿಲ್ಲ. ಅಕ್ಕ ಮಾತ್ರ "ಈಗ ಗೋಳಿಬಜೆ ತರಿಸು" ಅಂದರು.

ಈ ಸಲದ ಸಭೆಯಲ್ಲಿ ನಾನು ಹೇಳಿದ್ದು ಇದನ್ನೇ. ಸ್ವಂತ ತಪ್ಪನ್ನು ಅಷ್ಟು ಜನರ ಮುಂದೆ ಹೇಳಲು ನಾಚಿಕೆ ಆಗಿತ್ತು. ಆಮೇಲೆ ಚಾ ಕುಡಿಯುವಾಗ ಒಬ್ಬೊಬ್ಬರೇ ಹತ್ತಿರ ಬಂದು ತಮ್ಮ ತಮ್ಮ 1,800ರ ಕಥೆ ಹೇಳಿದರು. ಒಬ್ಬರದ್ದು 90 ಸಾವಿರದ್ದು, ಅದನ್ನು ಬರೆಯುವುದಿಲ್ಲ.

ಉಳಿದ ಗೋಷ್ಠಿಗಳೂ ಚೆನ್ನಾಗಿದ್ದವು. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಬಂದದ್ದಕ್ಕೆ 44ಎಎ, 194ಜೆ ಅಂತ ಹಳೆ ಕಾಯ್ದೆಯ ಸೆಕ್ಷನ್ನುಗಳನ್ನು ಬಾಯಿಪಾಠ ಮಾಡಿದ್ದೆಲ್ಲ ಮರೆಯಬೇಕಂತೆ. ಹೇಳಿಕೊಟ್ಟ ಆಡಿಟರ್ ಮೇಡಂಗೆ ಥ್ಯಾಂಕ್ಸ್, ಸೇವೆ ಕೊಟ್ಟವರ ಬದಲು ಪಡೆದವರೇ ತೆರಿಗೆ ಕಟ್ಟುವ ಜಿಎಸ್‌ಟಿಯ ರಿವರ್ಸ್ ಚಾರ್ಜನ್ನು ಮೂರನೇ ಸಲವೂ ಬೇಜಾರಿಲ್ಲದೆ ವಿವರಿಸಿದ್ದಕ್ಕೆ ಇನ್ನೂ ಜಾಸ್ತಿ ಥ್ಯಾಂಕ್ಸ್. ಕರೆಂಟು ಹೋದಾಗ ಮೈಕಿಲ್ಲದೆ ಯಕ್ಷಗಾನದ ಸ್ವರದಲ್ಲಿ ಕಾರ್ಯಕ್ರಮ ನಡೆಸಿದ ಅಣ್ಣನಿಗೆ, ಬನ್ಸ್ ಮುಗಿದರೂ ಮುಖ ಸಿಂಡರಿಸದ ಅಡುಗೆಯವರಿಗೆ ನಮಸ್ಕಾರ.

ಉದ್ಘಾಟನೆಗೆ ಬಂದ ಹಿರಿಯ ವಕೀಲರು ಅಮ್ಮೆಂಬಳ ಸುಬ್ಬರಾವ್ ಪೈಗಳ ಹೆಸರು ತೆಗೆದರು. 1906ರಲ್ಲಿ ಈ ಊರಿನಲ್ಲಿ ಕೆನರಾ ಬ್ಯಾಂಕಿನ ಬುಡ ಹಾಕಿದವರು ಒಬ್ಬ ವಕೀಲರು ಅಂತ ಹೆಮ್ಮೆಯಿಂದ ಹೇಳಿದರು. ನಾವೂ ಚಪ್ಪಾಳೆ ತಟ್ಟಿದೆವು. ಪೈಗಳ ಕಚೇರಿಯಲ್ಲಿ ಲೆಕ್ಕ ಬರೆಯುತ್ತಿದ್ದವರು ಯಾರಪ್ಪಾ ಅಂತ ಪಕ್ಕದ ಕುರ್ಚಿಯವರು ಮೆಲ್ಲನೆ ಕೇಳಿದರು.

143ರಲ್ಲಿ 132 ಖಾತೆ ಮುಗಿದಿವೆ. ಬೆಳ್ತಂಗಡಿ ಕಡೆಯ ಒಬ್ಬ ಅಜ್ಜಿಗೆ ಬರಬೇಕಿದ್ದದ್ದು 640 ರೂಪಾಯಿ. ಚೆಕ್ ಬೇಡ ಅಂತ ಬಸ್ಸಿನಲ್ಲೇ ಬಂದರು. ಎಣಿಸಿದರು, ಹೆಬ್ಬೆಟ್ಟು ಒತ್ತಿದರು, 40 ರೂಪಾಯಿ ತೆಗೆದು "ಚಾ ಕುಡಿ ಮಗಾ" ಅಂತ ಮೇಜಿನ ಮೇಲಿಟ್ಟು ಹೋಗಿಯೇ ಬಿಟ್ಟರು. ಅದನ್ನು ನೀಲಿಯಲ್ಲಿ ಬರೆಯುವುದೋ ಕೆಂಪಿನಲ್ಲೋ ಅಂತ ಭಟ್ರನ್ನು ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಸಿಗದ 11 ಜನರ ದುಡ್ಡು ಬ್ಯಾಂಕಿನಲ್ಲೇ ಬೇರೆಯಾಗಿ ಇದೆ. ವಿಳಾಸ ಹುಡುಕಲು ಅವರವರ ಊರಿನಲ್ಲಿ ಓಡಾಡುತ್ತಿರುವವರೆಲ್ಲರಿಗೂ ನಾನು ಋಣಿ.

ಕೊನೆಗೆ ಒಂದು ವಿಷಯ. ಭಾನುವಾರ ಹಾಲಿನಲ್ಲಿ ಒಂದು ಕಪ್ಪು ಕೊಡೆ ಉಳಿದಿದೆ, ಹಿಡಿಗೆ ಹಸಿರು ದಾರ ಸುತ್ತಿದೆ. ನನ್ನ ಮೇಜಿನ ಬದಿಯಲ್ಲಿಟ್ಟು ತಾರೀಖು ಹಾಕಿ ಪುಸ್ತಕದಲ್ಲಿ ಬರೆದಿದ್ದೇನೆ. ಯಾರದ್ದು ಅಂತ ಹೇಳಿ, ಸಹಿ ಹಾಕಿ ತೆಗೆದುಕೊಂಡು ಹೋಗಿ.