ತಟ್ಟಿದರೆ ಬಿಡುವ ಕೈ

ಸಂಪಾದಕರೇ,

ಚಿಕ್ಕಂದಿನಲ್ಲಿ ಏಟು ತಿಂದವರು ಜೂಡೋ ಕಲಿತರೆ ಸಿಟ್ಟು ಜಾಸ್ತಿಯಾಗುತ್ತದೆ ಎನ್ನುವವರಿದ್ದಾರೆ. ನನ್ನ ಅನುಭವ ಬೇರೆ. ಯಾರಾದರೂ ಕೈ ಎತ್ತಿದರೆ ಸಾಕು, ನಲವತ್ತು ದಾಟಿದ ಮೇಲೂ ನಾನು ಮುದುಡಿಹೋಗುತ್ತಿದ್ದೆ.

1882ರಲ್ಲಿ ಜಪಾನಿನ ಜಿಗೊರೊ ಕಾನೊ ಶುರುಮಾಡಿದ ಜೂಡೋದಲ್ಲಿ ಮೊದಲು ಬೀಳುವುದನ್ನು ಕಲಿಸುತ್ತಾರೆ. ಗದ್ದ ಎದೆಗೆ ಒತ್ತಿ, ಕೈಯಿಂದ ಚಾಪೆಗೆ ಪಟ್ಟಂತ ಬಡಿಯಬೇಕು. ಹಿಡಿತದಲ್ಲಿ ಸಿಕ್ಕಿಬಿದ್ದರೆ ಎರಡು ಸಲ ತಟ್ಟಿದರಾಯಿತು, ಎದುರಿನವರು ಬಿಟ್ಟುಬಿಡುತ್ತಾರೆ. ಸಾಕು ಅಂದಾಗ ನಿಲ್ಲುವ ಕೈಯನ್ನು ನಾನು ಮೊದಲು ನೋಡಿದ್ದೇ ಅಲ್ಲಿ.

ಜೂಡೋ ಜೊತೆಗೆ ನಾನು ಮಾಡುವ ಝೆನ್ ಎಂಬ ಬೌದ್ಧ ಧ್ಯಾನವೇ ಅದಕ್ಕಿಂತ ಕಷ್ಟ. ಕಣ್ಣು ಅರ್ಧ ತೆರೆದು, ಉಸಿರನ್ನು ಹತ್ತರವರೆಗೆ ಎಣಿಸುತ್ತಾ ಸುಮ್ನೆ ಕೂತರೆ ಹಳೆಯದೆಲ್ಲ ಮೇಲೆ ಬರುತ್ತದೆ. ಅದಕ್ಕೇ ಆಪ್ತಸಮಾಲೋಚಕರ ಹತ್ತಿರವೂ ಹೋಗುತ್ತೇನೆ.

ಮಕ್ಕಳನ್ನು ಬೈದು ‘ಗಟ್ಟಿ’ ಮಾಡುವ ಜೂಡೋ ಗುರುಗಳೂ ಇದ್ದಾರಲ್ವಾ? ಸೇರಿಸುವ ಮೊದಲು ಪೋಷಕರು ಒಂದು ತರಗತಿ ಕೂತು ನೋಡಲಿ.

– ಒಬ್ಬ ಓದುಗ