ಇಲಿಯಲ್ಲಿ ಕರಗಿದ ಗಡ್ಡೆ, ಮನುಷ್ಯನಿಗೆ ಎಷ್ಟು ತಿಂಗಳು?

ಮಾನ್ಯರೇ,

ರಕ್ತ ಪೂರೈಕೆಯನ್ನು ಕಡಿದು ಕ್ಯಾನ್ಸರ್ ಗಡ್ಡೆಯನ್ನು ಉಪವಾಸ ಕೆಡಹುವ ಔಷಧ ಎಂಬ ಧಾಟಿಯ ಸುದ್ದಿಗಳು ಪತ್ರಿಕೆಗಳ ಆರೋಗ್ಯ ಪುಟಗಳಲ್ಲಿ ಆಗಾಗ ಕಾಣಿಸಿಕೊಳ್ಳುತ್ತವೆ. ಸುದ್ದಿ ಸುಳ್ಳಲ್ಲ. ಆದರೆ ರೋಗಿಯ ಮನೆಯವರಿಗೆ ಬೇಕಾದ ಅಂಕಿಯೇ ಅವುಗಳಲ್ಲಿ ಹೆಚ್ಚಾಗಿ ಇರುವುದಿಲ್ಲ. ಹಾಗೆ ಬರೆದರೆ ಏನಾಗುತ್ತದೆ ಎಂಬುದಕ್ಕೆ ಈ ಸಂಶೋಧನೆಯ ಚರಿತ್ರೆಯಲ್ಲೇ ನಿದರ್ಶನವಿದೆ.

ಗಡ್ಡೆಯೊಂದು ಒಂದೆರಡು ಮಿಲಿಮೀಟರ್ ಮೀರಿ ಬೆಳೆಯಬೇಕಾದರೆ ಅದಕ್ಕೆ ಹೊಸ ರಕ್ತನಾಳಗಳು ಬೇಕು, ಅವು ಚಿಗುರುವಂತೆ ಪ್ರಚೋದಿಸುವ ವಸ್ತುವನ್ನು ಗಡ್ಡೆಯೇ ಸ್ರವಿಸುತ್ತದೆ, ಆ ವಸ್ತುವನ್ನು ತಡೆದರೆ ಗಡ್ಡೆಯನ್ನೂ ತಡೆಯಬಹುದು ಎಂಬ ವಾದವನ್ನು ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ 1971ರಲ್ಲಿ ಮಂಡಿಸಿದರು. ಆಗ ಒಪ್ಪಿದವರು ಕಡಿಮೆ. ಅಂಥ ವಸ್ತುಗಳಲ್ಲಿ ಮುಖ್ಯವಾದ ವಿಇಜಿಎಫ್ ಎಂಬ ಪ್ರೋಟೀನನ್ನು ನೆಪೋಲಿಯೋನ್ ಫೆರಾರಾ ಮತ್ತು ಸಂಗಡಿಗರು ಬೇರ್ಪಡಿಸಿದ್ದು 1989ರಲ್ಲಿ.

1998ರ ಮೇ 3ರಂದು ‘ನ್ಯೂಯಾರ್ಕ್ ಟೈಮ್ಸ್’ ತನ್ನ ಮುಖಪುಟದಲ್ಲಿ, ಫೋಕ್‌ಮನ್ ಪ್ರಯೋಗಾಲಯದ ಎರಡು ಪ್ರೋಟೀನುಗಳು ಇಲಿಗಳಲ್ಲಿ ಗಡ್ಡೆಗಳನ್ನು ಕರಗಿಸಿದ ವಿಷಯವನ್ನು ಪ್ರಕಟಿಸಿತು. ಎರಡೇ ವರ್ಷಗಳಲ್ಲಿ ಫೋಕ್‌ಮನ್ ಕ್ಯಾನ್ಸರನ್ನು ಗುಣಪಡಿಸುತ್ತಾರೆ ಎಂದು ನೊಬೆಲ್ ಪುರಸ್ಕೃತ ಜೇಮ್ಸ್ ವಾಟ್ಸನ್ ಹೇಳಿದರೆಂದೂ ಅದರಲ್ಲಿತ್ತು. ಮರುದಿನವೇ ಸಂಬಂಧಪಟ್ಟ ಕಂಪನಿಯ ಷೇರು 12 ಡಾಲರಿನ ಆಸುಪಾಸಿನಿಂದ 50 ಡಾಲರ್ ದಾಟಿತು. ಆ ಔಷಧಕ್ಕಾಗಿ ರೋಗಿಗಳ ಕರೆಗಳ ಮಹಾಪೂರವೇ ಹರಿಯಿತು. ಕ್ಯಾನ್ಸರ್ ಬಂದಿರುವುದು ಇಲಿಗಾದರೆ ನಾವು ಚೆನ್ನಾಗಿ ನೋಡಿಕೊಳ್ಳಬಲ್ಲೆವು ಎಂದು ಫೋಕ್‌ಮನ್ ಸ್ವತಃ ಎಚ್ಚರಿಸಿದ್ದು ಆ ಗದ್ದಲದಲ್ಲಿ ಯಾರ ಕಿವಿಗೂ ಬೀಳಲಿಲ್ಲ. ವಾಟ್ಸನ್ ಆ ಸಂಭಾಷಣೆಯ ಬಗ್ಗೆ ತಮ್ಮ ನೆನಪು ಬೇರೆಯೇ ಎಂದು ಅದೇ ಪತ್ರಿಕೆಯ ಸಂಪಾದಕರಿಗೆ ಪತ್ರ ಬರೆಯಬೇಕಾಯಿತು. ಅಮೆರಿಕದಲ್ಲಿ ಆ ಎರಡು ಪ್ರೋಟೀನುಗಳ ಪೈಕಿ ಒಂದೂ ಔಷಧವಾಗಿ ಮಾರುಕಟ್ಟೆಗೆ ಬರಲಿಲ್ಲ.

ಬಂದದ್ದು ವಿಇಜಿಎಫ್‌ ಅನ್ನು ಹಿಡಿದಿಡುವ ಬೆವಾಸಿಜುಮಾಬ್ ಎಂಬ ಬೇರೊಂದು ಔಷಧ. 2004ರ ಫೆಬ್ರುವರಿಯಲ್ಲಿ ಅದಕ್ಕೆ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಹರಡಿದ ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ, ಕೀಮೋಥೆರಪಿಯೊಡನೆ ಇದನ್ನೂ ಕೊಟ್ಟಾಗ ರೋಗಿಗಳ ಮಧ್ಯಾಂಕ ಬದುಕುಳಿಕೆ (ಅಂದರೆ ಅರ್ಧದಷ್ಟು ರೋಗಿಗಳಾದರೂ ಬದುಕಿದ್ದ ಅವಧಿ) 15.6 ತಿಂಗಳಿನಿಂದ 20.3 ತಿಂಗಳಿಗೆ ಏರಿತು. ಸ್ತನ ಕ್ಯಾನ್ಸರಿಗೆ 2008ರಲ್ಲಿ ಕೊಟ್ಟಿದ್ದ ಒಪ್ಪಿಗೆಯನ್ನು, ಆಯುಷ್ಯ ಹೆಚ್ಚಿದ್ದಕ್ಕೆ ಆಧಾರ ಸಿಗಲಿಲ್ಲವೆಂದು, 2011ರಲ್ಲಿ ಹಿಂತೆಗೆದುಕೊಳ್ಳಲಾಯಿತು. ಕರುಳಿನ ಕ್ಯಾನ್ಸರಿನಲ್ಲಿ ಸಿಕ್ಕ ಸುಮಾರು ಐದು ತಿಂಗಳೆಂದರೆ ಕಡಿಮೆಯಲ್ಲ, ಮಗಳ ಮದುವೆ ನೋಡಬೇಕೆಂದಿರುವ ತಾಯಿಗಂತೂ ಅಲ್ಲವೇ ಅಲ್ಲ. ಆದರೆ ಅದು ‘ಗುಣ’ವಲ್ಲ.

‘ಉಪವಾಸ’ ಎಂಬ ಮಾತೂ ಅರ್ಧ ಮಾತ್ರ ನಿಜ. ಗಡ್ಡೆಯೊಳಗಿನ ನಾಳಗಳು ಸೊಟ್ಟಂಬಟ್ಟ ಬೆಳೆದು ಸೋರುತ್ತಿರುತ್ತವೆ. ಒಳಗಿನ ಒತ್ತಡ ಹೆಚ್ಚಿ, ಸಿರೆಗೆ ಕೊಟ್ಟ ಕೀಮೋ ಔಷಧ ಗಡ್ಡೆಯ ಒಡಲನ್ನು ಸರಿಯಾಗಿ ಮುಟ್ಟುವುದಿಲ್ಲ. ಇಂಥ ಔಷಧ ಹೆಚ್ಚುವರಿ ನಾಳಗಳನ್ನು ಕಳೆದು, ಉಳಿದವನ್ನು ಕೆಲಕಾಲ ಹದಕ್ಕೆ ತರುವುದರಿಂದಲೇ ಕೀಮೋ ಒಳಗೆ ಹೊಕ್ಕು ಕೆಲಸ ಮಾಡುತ್ತದೆ ಎಂಬ ವಿವರಣೆಯನ್ನು, ಐಐಟಿ ಕಾನ್ಪುರದಲ್ಲಿ ಓದಿ ಬಾಸ್ಟನ್ನಿನಲ್ಲಿ ನೆಲೆಸಿದ ರಾಕೇಶ್ ಜೈನ್ 2001ರಲ್ಲಿ ಮುಂದಿಟ್ಟರು. ಅಂದರೆ ಕಾಲುವೆ ಒಡೆಯುವುದಕ್ಕಿಂತ, ಔಷಧ ಹರಿಯಲೆಂದು ಅದನ್ನು ದುರಸ್ತಿ ಮಾಡಿದಂತೆ. ಈ ಹದ ಬಹುಕಾಲ ನಿಲ್ಲದು. ವಿಇಜಿಎಫ್ ದಾರಿ ಮುಚ್ಚಿದರೆ ಗಡ್ಡೆ ಬೇರೆ ದಾರಿ ಹುಡುಕಿಕೊಳ್ಳುತ್ತದೆ.

ಇದು ನಮಗೆ ದೂರದ ಸಂಗತಿಯಲ್ಲ. ಬೆಂಗಳೂರಿನ ಬಯೋಕಾನ್ ಕಂಪನಿ ಬೆವಾಸಿಜುಮಾಬ್ ಔಷಧದ ಜೈವಿಕ ತದ್ರೂಪವನ್ನು, ಅಂದರೆ ಮೂಲ ಔಷಧವನ್ನು ಬಹುಮಟ್ಟಿಗೆ ಹೋಲುವ ತಯಾರಿಕೆಯನ್ನು, 2017ರಲ್ಲೇ ಭಾರತದ ಮಾರುಕಟ್ಟೆಗೆ ತಂದಿದೆ. ಎರಡು ಮೂರು ವಾರಗಳಿಗೊಮ್ಮೆ ಡ್ರಿಪ್ ಮೂಲಕ ಕೊಡಬೇಕಾದ ಇದರ ಖರ್ಚಿಗೆ ಹೊಲ ಮಾರಲು ಹೊರಡುವವರು ಮೊದಲು ಓದುವುದು ತಮ್ಮ ಪತ್ರಿಕೆಯನ್ನೇ. ಆದ್ದರಿಂದ ಇಂಥ ಸುದ್ದಿ ಬಂದಾಗ ಪ್ರಯೋಗ ಇಲಿಯ ಮೇಲೋ ಮನುಷ್ಯರ ಮೇಲೋ, ಯಾವ ಅಂಗದ ಕ್ಯಾನ್ಸರ್, ಎಷ್ಟು ತಿಂಗಳ ಲಾಭ ಎಂಬುದನ್ನು ಮೊದಲ ಪ್ಯಾರಾದಲ್ಲೇ ಅಚ್ಚು ಹಾಕಬೇಕೆಂದು ಕೋರುತ್ತೇನೆ. ಜಾಗ ಉಳಿದರೆ, ಈ ಔಷಧದಿಂದ ರಕ್ತದೊತ್ತಡ ಏರಬಹುದು, ಗಾಯ ಮಾಯುವುದು ತಡವಾಗಬಹುದು, ಮೊದಲೇ ದಿನ ಗೊತ್ತುಪಡಿಸಿದ ಶಸ್ತ್ರಚಿಕಿತ್ಸೆಗೆ ಮುನ್ನ ಕನಿಷ್ಠ 28 ದಿನ ಇದನ್ನು ನಿಲ್ಲಿಸಿರಬೇಕು ಎಂಬುದನ್ನೂ ಸೇರಿಸಿರಿ.

– ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ, ಶಿವಮೊಗ್ಗ